ಎರಡು ಇಂಚು ಕಡಿಮೆಯ ಸೂಟು

ನನ್ನ ನೌಕರಿ ಮಳೆ ಅಳೆಯುವುದು. ಗದಗದ ಹೊರಗೆ ಒಂದು ಬಯಲಿನಲ್ಲಿ ತಂತಿಬೇಲಿಯ ನಡುವೆ ಮಳೆಮಾಪಕವೊಂದು ನಿಂತಿದೆ. ದಿನಾ ಮುಂಜಾನೆ ಎಂಟೂವರೆಗೆ ಅದರ ಮೇಲ್ಭಾಗ ತೆಗೆದು, ಒಳಗೆ ಬಿದ್ದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ದಪ್ಪ ಪುಸ್ತಕದಲ್ಲಿ ಬರೆಯುತ್ತೇನೆ. ನಮ್ಮ ಕಡೆ ಮಳೆ ಅಪರೂಪಕ್ಕೆ ಬರುವ ಬೀಗ. ಹೀಗಾಗಿ ವರ್ಷದ ಬಹುಪಾಲು ದಿನ ನಾನು ಬರೆಯುವುದು ಸೊನ್ನೆ. ಸೊನ್ನೆಯನ್ನು ಇಷ್ಟು ದುಂಡಗೆ ಬರೆಯುವ ನೌಕರ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ನಮ್ಮ ಸಾಹೇಬರೇ ಒಮ್ಮೆ ಹೇಳಿದ್ದಾರೆ.

ಈ ಅಭ್ಯಾಸ ಮನೆಗೂ ಬಂದಿದೆ. ದಿನಚರಿಯಲ್ಲಿ ಎದ್ದ ಹೊತ್ತು, ಮಲಗಿದ ಹೊತ್ತು, ಕುಡಿದ ಚಹಾ, ತಿಂದ ರೊಟ್ಟಿ ಎಲ್ಲವೂ ತಾರೀಖಿನೊಂದಿಗೆ ದಾಖಲಾಗಿರುತ್ತವೆ. ಆದ್ದರಿಂದ ಕೆಳಗೆ ಬರುವ ಸಂಗತಿಯಲ್ಲಿ ಉತ್ಪ್ರೇಕ್ಷೆ ಇದೆ ಎಂದು ಯಾರಿಗಾದರೂ ಅನಿಸಿದರೆ ದಿನಚರಿ ತೋರಿಸಲು ಸಿದ್ಧನಿದ್ದೇನೆ. ತೋರಿಸಬೇಕಾದವರಿಗೆ ಈಗಾಗಲೇ ತೋರಿಸಿ ಮಾನ ಕಳೆದುಕೊಂಡಾಗಿದೆ!

ಫೆಬ್ರವರಿ 12, ಗುರುವಾರ. ಅಂದು ನಾನು ಬೆಟಗೇರಿಯ ಟೇಲರ್ ರಾಚಪ್ಪ ಕಾಕಾನ ಅಂಗಡಿಯಲ್ಲಿ ಕೈ ಅಗಲಿಸಿ ನಿಂತಿದ್ದೆ. ಏಪ್ರಿಲ್ 26ಕ್ಕೆ ನನ್ನ ಮದುವೆ. ಹುಡುಗಿ ಗಿರಿಜಾ ಮುಂಡರಗಿಯವಳು, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಮ್ಮಲ್ಲಿ ಮದುವೆ ಗಂಡಿಗೆ ಸೂಟಿನ ಅರಿವೆ ಹೆಣ್ಣಿನ ಕಡೆಯಿಂದ ಬರುತ್ತದೆ. ಆದರೆ ಈ ಅರಿವೆ ಬೀಗರು ಕೊಡಿಸಿದ್ದಲ್ಲ. ಕಪ್ಪಿಗೆ ಹತ್ತಿರದ ನೀಲಿ ಬಣ್ಣದ ಆ ಅರಿವೆಯನ್ನು ಗಿರಿಜಾ ಸ್ವತಃ ತನ್ನ ಪಗಾರದಲ್ಲಿ, ಮೂರು ಅಂಗಡಿ ತಿರುಗಿ ತಂದದ್ದು. ಅಂಥ ಅರಿವೆಯನ್ನು ಮೈಮೇಲೆ ಹಿಡಿದು ಕನ್ನಡಿ ನೋಡಿಕೊಂಡೆ. ಅರಿವೆ ಚೆನ್ನಾಗಿತ್ತು. ಅದರ ಹಿಂದಿದ್ದ ಹೊಟ್ಟೆಯ ಬಗ್ಗೆ ಅದೇ ಮಾತು ಹೇಳುವಂತಿರಲಿಲ್ಲ.

ಕಾಕಾ ಟೇಪು ಸುತ್ತಿ, "ಮೂವತ್ತೆಂಟು" ಎಂದ.

"ಮೂವತ್ತಾರು ಬರ್ಕೋ ಕಾಕಾ."

ಕಾಕಾ ಕನ್ನಡಕದ ಮೇಲಿಂದ ನೋಡಿದ. "ಟೇಪು ಮೂವತ್ತೆಂಟು ಅನ್ನಾಕತ್ತೈತಿ, ನೀ ಮೂವತ್ತಾರು ಅಂತೀದಿ. ನಾ ಯಾರ ಮಾತು ಕೇಳ್ಲಿ?"

"ಇನ್ನಾ ಎಪ್ಪತ್ಮೂರು ದಿನಾ ಐತಿ ಕಾಕಾ. ನಾಳಿಂದ ಜಿಮ್ಮಿಗೆ ಹೊಂಟೀನಿ. ಎರಡು ಇಂಚು ಯಾವ ದೊಡ್ಡ ಮಾತು?"

"ಹಂಗಾದ್ರ ಒಳಗ ಮಾರ್ಜಿನ್ ಬಿಟ್ಟಿರ್ತೀನಿ. ಬೇಕಾದ್ರ ಬಿಚ್ಚಿ ಅಗಲ ಮಾಡಾಕ ಬರತೈತಿ."

"ಬ್ಯಾಡ! ಮಾರ್ಜಿನ್ ಇತ್ತಂದ್ರ ಮನಸ್ಸು ಸಡಿಲಾಗತೈತಿ. ಒಂದ ಒಂದು ಎಳಿ ಸುದ್ದಾ ಬಿಡಬ್ಯಾಡ."

"ತಮ್ಮಾ, ಅರಿವಿ ಕತ್ತರಿಸೋದು ಸಲೀಸು. ಕೂಡಸೋದು ಕಠಿಣ."

"ಕತ್ತರಸು ಕಾಕಾ!" ಎಂದು ನಾನು ಅಪ್ಪಣೆ ಕೊಟ್ಟೆ. ಕತ್ತರಿ ಕರಕರ ಎಂದಿತು. ಅಂದಿನ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: "ಮಳೆ: ಸೊನ್ನೆ. ಸೊಂಟ: 38. ಗುರಿ: 36. ಗಿರಿಜಾ ಅವರು ತಮ್ಮ ಪಗಾರದಲ್ಲಿ ತಂದ ಅರಿವೆ. ಅದಕ್ಕೆ ತಕ್ಕ ಗಂಡಾಗುವುದು ನನ್ನ ಕರ್ತವ್ಯ." ಕರ್ತವ್ಯ ಎಂಬ ಶಬ್ದದ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಜಿಮ್ಮು ನಮ್ಮ ಓಣಿಯ ತುದಿಯಲ್ಲಿದೆ. ಮೊದಲು ಅಲ್ಲಿ ಕೈಮಗ್ಗಗಳಿದ್ದವು; ಈಗ ಕಬ್ಬಿಣ ಇದೆ. ಕೋಚ್ ಮಲ್ಲಣ್ಣ ಐವತ್ತರ ಮನುಷ್ಯ, ಹರೆಯದಲ್ಲಿ ಕುಸ್ತಿ ಹಿಡಿದವ. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ:

"ಎರಡು ಇಂಚು ಆಗತೈತಿ. ಕಾಲು, ಬೆನ್ನು, ತೋಳು ಎಲ್ಲಾ ಕೂಡಿ ದುಡೀಬೇಕು. ಬೈಠಕ್ ಹೊಡಿ, ತೂಕ ಎತ್ತು, ಸಂಜಿಮುಂದ ನಡಿ. ತಾಟಿನಾಗ ಒಂದೀಟು ಕಡಿಮಿ ಬಡಿಸ್ಕೋ. ಹೊತ್ತಿಗೆ ಸರಿಯಾಗಿ ಮಲ್ಕೋ."

"ಆಮ್ಯಾಲ?"

"ಆಮ್ಯಾಲ ಏನೈತಿ? ಮರುದಿನಾ ಅದನ್ನ ಮಾಡು."

ಇದು ನನಗೆ ತೀರಾ ಸಪ್ಪೆ ಎನಿಸಿತು. ಕರಗಬೇಕಾದದ್ದು ಹೊಟ್ಟೆ, ಕಾಲು ಮಡಚಿ ಎದ್ದರೆ ಹೊಟ್ಟೆಗೆ ಹೇಗೆ ಗೊತ್ತಾಗಬೇಕು? ದಿನಚರಿಯಲ್ಲಿ ಮಲ್ಲಣ್ಣನ ಮಾತುಗಳನ್ನು ಶಿಸ್ತಾಗಿ ಬರೆದು, ಪಕ್ಕದಲ್ಲಿ "ಹಳೇ ಕಾಲದವರು" ಎಂದು ಷರಾ ಹಾಕಿದೆ.

ನಿಜವಾದ ಜ್ಞಾನ ಸಿಕ್ಕಿದ್ದು ಗೆಳೆಯ ವೀರೇಶನಿಂದ. ವೀರೇಶ ಹುಟ್ಟಾ ಕಡ್ಡಿ. ದಿನಾ ಸಂಜೆ ಒಂದು ತಾಟು ಬದನೇಕಾಯಿ ಬಜಿ, ಮೇಲೆ ಗಿರಮಿಟ್ಟು ತಿಂದರೂ ಅವನ ಅಂಗಿಯೊಳಗೆ ಇನ್ನೊಬ್ಬ ವೀರೇಶನಿಗೆ ಜಾಗ ಇರುತ್ತದೆ. ಇಷ್ಟು ತೆಳ್ಳಗಿರುವವನಿಗೆ ತೆಳ್ಳಗಾಗುವ ವಿದ್ಯೆ ಗೊತ್ತಿರಲೇಬೇಕು ಎಂದು ನಾನು ತೀರ್ಮಾನಿಸಿದೆ.

"ಸಂಗ್ಯಾ, ಎಲ್ಲಿ ಕೊಬ್ಬೈತಿ ಅಲ್ಲೇ ವ್ಯಾಯಾಮ ಮಾಡಬೇಕಲೇ" ಎಂದ ವೀರೇಶ. "ಹೊಟ್ಟಿ ಕರಗಬೇಕಂದ್ರ ಸಿಟಪ್ಪು. ದಿನಾ ನೂರು. ಹೊಟ್ಟಿ ನೋವಾತಂದ್ರ ತಿಳ್ಕೋ, ಒಳಗ ಕರಗಾಕತ್ತೈತಿ."

ಸಿಟಪ್ಪು ಎಂದರೆ ಅಂಗಾತ ಮಲಗಿ, ಕೈ ತಲೆಯ ಹಿಂದೆ ಇಟ್ಟು, ಎದ್ದು ಕೂತು, ಮತ್ತೆ ಬೀಳುವುದು. ಮೊದಲ ದಿನ ಹನ್ನೊಂದು ಸಲ ಎದ್ದೆ. ಹನ್ನೆರಡನೇ ಸಲ ಅವ್ವ ಬಂದು ಎಬ್ಬಿಸಿದಳು. ಮರುದಿನ ಸೀನಿದರೆ ಪ್ರಾಣ ಹೋಗುವಷ್ಟು ಹೊಟ್ಟೆ ನೋವು. ನನಗೆ ಎಲ್ಲಿಲ್ಲದ ಸಂತೋಷ! ನೋವು ಎಂದರೆ ಕರಗುವಿಕೆ. ಅಂದು ಒತ್ತಾಯಪೂರ್ವಕವಾಗಿ ಆರು ಸಲ ಸೀನಿದೆ.

ಈ ಸಂಶೋಧನೆಯನ್ನು ಫೋನಿನಲ್ಲಿ ಗಿರಿಜಾಳಿಗೆ ವಿವರಿಸಿದೆ.

"ರೀ, ಎಲ್ಲಿ ದುಡಿತೈತಿ ಅಲ್ಲೇ ಕರಗತೈತಿ ಅಂತೀರೇನು?"

"ಹೌದ್ರಿ. ವೀರೇಶ ಹೇಳ್ಯಾನ."

"ಹಂಗಾದ್ರ ನಾ ನಾಲ್ಕು ವರ್ಷದಿಂದ ದಿನಾ ಆರು ತಾಸು ಪಾಠಾ ಹೇಳಾಕತ್ತೀನಿ. ಇಷ್ಟೊತ್ತಿಗೆ ನನ್ನ ಗಲ್ಲ ಕರಗಿ ಹೋಗಿರಬೇಕಿತ್ತಲ್ರಿ!"

ಟೀಚರುಗಳಿಗೆ ವ್ಯಾವಹಾರಿಕ ಜ್ಞಾನ ಕಡಿಮೆ ಎಂದು ದಿನಚರಿಯಲ್ಲಿ ಬರೆದುಕೊಂಡೆ. ಸೂಟನ್ನು ಎರಡಿಂಚು ಕಡಿಮೆ ಹೊಲಿಸಲು ಹಾಕಿದ ಸಂಗತಿಯನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಅದು ಮದುವೆ ದಿನದ ಆಶ್ಚರ್ಯವಾಗಬೇಕಿತ್ತು. ಆಶ್ಚರ್ಯ ಆಗುವುದಂತೂ ನಿಶ್ಚಿತವಿತ್ತು.

ಪ್ರಗತಿ ಅಳೆಯಲು ತಕ್ಕಡಿ ಬೇಕಲ್ಲ? ಜಿಮ್ಮಿನ ತೂಕದ ಯಂತ್ರದ ಮೇಲೆ ಯಾರು ನಿಂತರೂ ಅರವತ್ನಾಲ್ಕು ತೋರಿಸುತ್ತಿತ್ತು. ಅದರ ಮೇಲೆ ಬಕೀಟು ಇಟ್ಟರೂ ಅರವತ್ನಾಲ್ಕೇ. ನನ್ನ ಸೋದರಮಾವನಿಗೆ ಕಾಳುಕಡಿಯ ಅಂಗಡಿ ಇದೆ. ಅಲ್ಲಿ ಚೀಲ ತೂಗುವ ದೊಡ್ಡ ಎಲೆಕ್ಟ್ರಾನಿಕ್ ಕಾಟಾ ಇದೆ, ಗ್ರಾಂ ಸಹ ತಪ್ಪುವುದಿಲ್ಲ. ಶನಿವಾರ ಮುಂಜಾನೆ ಆಫೀಸಿನಿಂದ ನೇರವಾಗಿ ಅಲ್ಲಿಗೆ ಹೋಗಿ ತೂಗಿಸಿಕೊಳ್ಳುವುದೆಂದು ನೇಮ ಮಾಡಿಕೊಂಡೆ. ಫೆಬ್ರವರಿ 14ರಂದು 81.4 ಕಿಲೋ. ಹಮಾಲ ಫಕೀರಪ್ಪ ಶಿರಹಟ್ಟಿಯವ, ಮೂವತ್ತು ವರ್ಷದಿಂದ ಚೀಲ ಹೊತ್ತವ. ನನ್ನನ್ನು ನೋಡಿ, "ಒಂದು ಚೀಲ ಕಡ್ಲಿಗಿಂತ ಜರಾ ಕಡಿಮಿ ಅದೀರಿ" ಎಂದು ಧೈರ್ಯ ಹೇಳಿದ.

ಮುಂದಿನ ಶನಿವಾರ 81.5. ವೀರೇಶ ಇದಕ್ಕೂ ಉತ್ತರ ಹೇಳಿದ: "ಅದು ಕೊಬ್ಬಲ್ಲಲೇ, ಸ್ನಾಯು! ಕೊಬ್ಬು ಗಟ್ಟಿಯಾಗಿ ಸ್ನಾಯು ಆಗಾಕತ್ತೈತಿ, ಹಾಲು ಹೆಪ್ಪುಗಟ್ಟಿ ಮೊಸರಾದಂಗ."

ಫೆಬ್ರವರಿ 28ರಂದು 80.6! ನಾನು ಕಾಟಾದ ಮೇಲೇ ಕುಣಿದೆ. "ಕುಣೀಬ್ಯಾಡ್ರಿ, ಕಾಟಾ ಕೆಡತೈತಿ" ಎಂದ ಫಕೀರಪ್ಪ.

ಇಷ್ಟಕ್ಕೇ ತೃಪ್ತಿಪಡುವವರು ಸಾಮಾನ್ಯರು. ವೀರೇಶ ಎರಡನೇ ಪಾಠ ಶುರು ಮಾಡಿದ. "ಬೆವರು ಅಂದ್ರ ಏನಂತ ತಿಳ್ದಿ? ಕರಗಿದ ಕೊಬ್ಬು. ಎಷ್ಟು ಬೆವರು, ಅಷ್ಟು ಕೊಬ್ಬು. ಹೊಟ್ಟಿಗೆ ಪ್ಲಾಸ್ಟಿಕ್ ಸುತ್ಕೊಂಡು ಬಿಸಲಾಗ ಅಡ್ಡಾಡು." ಗೊಬ್ಬರದ ಚೀಲದ ಒಳಗಿರುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತೊಳೆದು, ಹೊಟ್ಟೆಗೆ ಮೂರು ಸುತ್ತು ಸುತ್ತಿ, ಸುತಳಿ ಬಿಗಿದು, ಮೇಲೆ ಅಂಗಿ ತೊಟ್ಟೆ. ಹೆಜ್ಜೆ ಇಟ್ಟರೆ ಪರಪರ ಸದ್ದು. ಅವ್ವ ಅಡುಗೆಮನೆಯಿಂದ, "ಇಲಿ ಬಂದಾವು ನೋಡೋ ಸಂಗೂ" ಎಂದಳು.

ಮಾರ್ಚ್ 9, ಸೋಮವಾರ. ಪ್ಲಾಸ್ಟಿಕ್ ಸುತ್ತಿಕೊಂಡು, ಕೊಬ್ಬು ಹೆಚ್ಚು ಕರಗಲಿ ಎಂದು ಆಫೀಸಿನವರೆಗೆ ಸೈಕಲ್ ಹೊಡೆದುಕೊಂಡು ಹೋದೆ. ಎಂಟೂವರೆಗೆ ಮಳೆಮಾಪಕದ ಮೇಲ್ಭಾಗ ತೆಗೆದು ಬಗ್ಗಿದೆ. ಪ್ಲಾಸ್ಟಿಕ್ಕಿನ ಕೆಳಮಡಿಕೆಯಲ್ಲಿ ಮುಂಜಾನೆಯಿಂದ ಸಂಗ್ರಹವಾಗಿದ್ದ ಬೆವರು ಒಮ್ಮೆಲೇ ಧಾರೆಯಾಗಿ ಇಳಿಯಿತು. ಎಲ್ಲಿಗೆ? ಮಾಪಕದೊಳಗೆ! ನನ್ನ ಬೆನ್ನ ಹಿಂದೆ ಸಾಹೇಬರು ನಿಂತಿದ್ದರು.

"ಏನ್ಪಾ ಸಂಗಮೇಶ, ಎಷ್ಟೈತಿ ಇವತ್ತು?"

ಸುಳ್ಳು ಹೇಳುವುದು ನನ್ನ ವೃತ್ತಿಧರ್ಮವಲ್ಲ. ನೀರನ್ನು ಅಳತೆಪಾತ್ರೆಗೆ ಸುರಿದೆ. "ಸೊನ್ನೆ ಪಾಯಿಂಟ್ ಎರಡು ಮಿಲಿಮೀಟರ್ ಸರ್."

ಸಾಹೇಬರು ಆಕಾಶ ನೋಡಿದರು. ಒಂದು ಮೋಡದ ಚೂರೂ ಇರಲಿಲ್ಲ. "ಇಡೀ ಜಿಲ್ಲಾದಾಗ ಎಲ್ಲೂ ಇಲ್ಲದ ಮಳಿ ನಿನ್ನ ಮಾಪಕದಾಗ ಹೆಂಗ ಬಂತೋ?"

ನಾನು ಅಂಗಿ ಎತ್ತಿ ತೋರಿಸಿದೆ. ಪ್ಲಾಸ್ಟಿಕ್ಕಿನ ಮೇಲೆ ಯೂರಿಯಾ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಸಾಹೇಬರು ಅದನ್ನು ಎರಡು ಸಲ ಓದಿದರು. ಕೊನೆಗೆ, "ಪುಸ್ತಕದಾಗ ಸೊನ್ನೆ ಬರಿ. ಷರಾದ ಕಾಲಮ್ಮಿನಾಗ ಏನೂ ಬರೀಬ್ಯಾಡ" ಎಂದು ಹೇಳಿ, ಮುಖ ಆಚೆ ತಿರುಗಿಸಿಕೊಂಡು ಹೋದರು. ಅವರ ಹೆಗಲು ಕುಣಿಯುತ್ತಿದ್ದವು.

ಸಂಜೆ ಹೊಟ್ಟೆಯ ಸುತ್ತ ಬೆವರುಸಾಲೆ ಎದ್ದು, ಮೈ ಹೊಲಿಗೆ ಹಾಕಿದಂತೆ ಚುರುಗುಟ್ಟಿತು. ಬಾಯಾರಿಕೆ ತಾಳಲಾರದೆ ಎರಡು ಚೊಂಬು ನೀರು ಕುಡಿದೆ. ಕರಗಿಹೋದ ಕೊಬ್ಬಿಗೂ ಈ ಎರಡು ಚೊಂಬಿಗೂ ಏನಾದರೂ ಸಂಬಂಧ ಇರಬಹುದೇ ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸಂಕಟ ಶುರುವಾಗಿತ್ತು. ಮದುವೆ ಗೊತ್ತಾದ ಹುಡುಗನನ್ನು ನಮ್ಮ ಕಡೆ ಬಳಗದವರು ಒಬ್ಬೊಬ್ಬರಾಗಿ ಮನೆಗೆ ಊಟಕ್ಕೆ ಕರೆಯುತ್ತಾರೆ. ಕರೆದವರ ಮನೆಯಲ್ಲಿ ಬೇಡ ಎನ್ನುವುದು ಅಪರಾಧ. ಅಸುಂಡಿಯ ಅತ್ತೆ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ, "ಮದಿವಿ ಗಂಡು ಸೊರಗಿದ್ರ ಬೀಗರು ನಮಗ ಏನಂತಾರ?" ಎಂದಳು. ಬೆಳ್ಳಟ್ಟಿಯ ಚಿಕ್ಕಪ್ಪನ ಮನೆಯಲ್ಲಿ ಮಾದಲಿ. ಗೋಧಿ, ಬೆಲ್ಲ, ಕೊಬ್ಬರಿಯ ಆ ಪುಡಿಯ ಗುಡ್ಡೆಗೆ ಹಾಲು ಹೊಯ್ದು ಎರಡು ಕೈಯಿಂದ ಬಡಿಸಿದರು. ಲಕ್ಷ್ಮೇಶ್ವರದ ದೊಡ್ಡವ್ವನ ಮನೆಯಲ್ಲಿ ಎರಡೂ ಇದ್ದವು.

ಇದಕ್ಕೂ ವೀರೇಶ ದಾರಿ ತೋರಿಸಿದ. ಒಂದು ಹೋಳಿಗೆಗೆ ಇಲ್ಲವೇ ಒಂದು ಬಟ್ಟಲು ಮಾದಲಿಗೆ ನೂರು ಸಿಟಪ್ಪು ಹೆಚ್ಚಿಗೆ ಹೊಡೆದರೆ ಸಮ! ಇನ್ನು ಜೋಳದ ರೊಟ್ಟಿಗೆ ಲೆಕ್ಕವೇ ಬೇಡ. ಖಡಕ್ ರೊಟ್ಟಿ ಒಣಗಿರುತ್ತದೆ, ಒಣಗಿದ್ದರಲ್ಲಿ ಕೊಬ್ಬು ಎಲ್ಲಿಂದ ಬರಬೇಕು? ಈ ಸಿದ್ಧಾಂತದ ಪ್ರಕಾರ ಅನ್ನ ಪೂರ್ತಿ ಬಿಟ್ಟು, ಊಟಕ್ಕೆ ಒಂಬತ್ತು ಖಡಕ್ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಬೆಣ್ಣೆ. ಬೆಣ್ಣೆ ರೊಟ್ಟಿಯ ಮೇಲಿತ್ತೇ ಹೊರತು ರೊಟ್ಟಿಯ ಒಳಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಜಿಮ್ಮಿನಲ್ಲಿ ಮಲ್ಲಣ್ಣ ಒಂದು ದಿನ ನನ್ನ ಪಕ್ಕ ಕೂತು ಎಣಿಸಿದ. "ಎಷ್ಟಾತೋ?"

"ಮುನ್ನೂರಾ ನಲವತ್ತು. ನಿನ್ನೆ ಬೆಳ್ಳಟ್ಟಿಗೆ ಹೋಗಿದ್ನಿ."

"ಬೆಳ್ಳಟ್ಟಿಗೂ ಸಿಟಪ್ಪಿಗೂ ಏನ ಸಂಬಂಧ?"

ವೀರೇಶನ ಸೂತ್ರ ವಿವರಿಸಿದೆ. ಮಲ್ಲಣ್ಣ ಕೇಳಿ, "ತಿನ್ನಾಕ ಒಂದು ನಿಮಿಷ, ಕರಗಸಾಕ ಒಂದು ದಿನಾ. ಅದಕ್ಕ ತಾಟಿನಾಗ ಕಡಿಮಿ ಮಾಡಂದಿದ್ದು. ಹೋಗ್ಲಿ, ಒಂದ ಹತ್ತು ಬೈಠಕ್‌ರೆ ಹೊಡಿಯೋ" ಎಂದ.

"ಬ್ಯಾಡ ಅಣ್ಣಾ, ತೊಡಿ ದಪ್ಪಾದ್ರ ಪ್ಯಾಂಟು ಏರಂಗಿಲ್ಲ."

ಮಲ್ಲಣ್ಣ ಎದ್ದು ಹೋದ.

ಇಷ್ಟಾದರೂ ನನಗೆ ಅಳುಕಿರಲಿಲ್ಲ. ಯಾಕೆಂದರೆ ಕಾಟಾ ನನ್ನ ಪರವಾಗಿತ್ತು. ಮಾರ್ಚ್ 14: 79.7. ಏಪ್ರಿಲ್ 4: 76.8! ಅದೂ ಯುಗಾದಿ ಹೋಳಿಗೆ ಮುಗಿದ ಮೇಲೆ! ಪ್ರತಿ ಶನಿವಾರ ತೂಕವನ್ನು ಗಿರಿಜಾಳಿಗೆ ಮೊಬೈಲಿನಲ್ಲಿ ಕಳಿಸುತ್ತಿದ್ದೆ. ಅವಳು ಮೊದಮೊದಲು ಮೆಚ್ಚುಗೆಯ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದಳು. 76.8ಕ್ಕೆ ಮಾತ್ರ, "ಡಾಕ್ಟರಿಗೆ ತೋರಿಸಿದ್ರೇನು?" ಎಂದು ಬರೆದಳು.

ಸೊಂಟ ಯಾಕೆ ಅಳೆಯಲಿಲ್ಲ ಎಂದು ಕೇಳಬಹುದು. ತೂಕ ಇಳಿದ ಮೇಲೆ ಸೊಂಟ ಎಲ್ಲಿಗೆ ಹೋಗುತ್ತದೆ, ಅದೂ ಹಿಂದೆಯೇ ಬರುತ್ತದೆ ಎಂಬ ನಂಬಿಕೆ. ಜಿಮ್ಮಿನ ಪ್ಯಾಂಟಿಗೆ ಎಲಾಸ್ಟಿಕ್ ಇತ್ತು. ಅದಕ್ಕೆ ಯಾರ ಮನಸ್ಸನ್ನೂ ನೋಯಿಸಲು ಬರುವುದಿಲ್ಲ. ಬೆಲ್ಟು ಮಾತ್ರ ಹಳೆಯ ತೂತಿನಿಂದ ಒಂದು ತೂತು ಹೊರಗೆ ಬಂದಿತ್ತು. ಬೆವರಿಗೆ ಚರ್ಮ ಕುಗ್ಗಿದೆ ಎಂದು ದಿನಚರಿಯಲ್ಲಿ ಕಾರಣಸಹಿತ ಬರೆದಿದ್ದೇನೆ.

ಏಪ್ರಿಲ್ 18, ಶನಿವಾರ. ಮದುವೆಗೆ ಎಂಟು ದಿನ. ಮಧ್ಯಾಹ್ನ ಸೂಟು ತೊಟ್ಟು ನೋಡುವುದಿತ್ತು. ಗಿರಿಜಾ ಸೀರೆ ಕೊಳ್ಳಲು ಅವರವ್ವನ ಜೊತೆ ಮುಂಡರಗಿಯಿಂದ ಬರುವವಳಿದ್ದಳು. ತಾನು ತಂದ ಅರಿವೆ ಸೂಟಾದದ್ದನ್ನು ನೋಡಲು ರಾಚಪ್ಪ ಕಾಕಾನ ಅಂಗಡಿಗೆ ಬರುವೆನೆಂದು ಹೇಳಿದ್ದಳು. ಮುಂಜಾನೆ ಮಳೆ ಸೊನ್ನೆ ಬರೆದು ಮಾವನ ಅಂಗಡಿಗೆ ಹೋದೆ. ಕಾಟಾದ ಮೇಲೆ ನಿಂತೆ: 77.0. ಬರೆದುಕೊಂಡು ಇಳಿದೆ. ಅಂದು ಪೆನ್ನು ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನ ಕಣ್ಣು ಖಾಲಿ ಕಾಟಾದ ಮೇಲೆ ಬಿತ್ತು. ಕೆಂಪು ಅಂಕಿಯಲ್ಲಿ, ಮೈನಸ್ 5.0.

"ಫಕೀರಪ್ಪಾ, ಖಾಲಿ ಇದ್ದಾಗ ಇದು ಸೊನ್ನೆ ತೋರಿಸಬೇಕಲ್ಲಾ?"

ಫಕೀರಪ್ಪ ಉಳ್ಳಾಗಡ್ಡಿ ಸುರಿಯುತ್ತಲೇ, "ಅದು ಸೂಟು ರೀ" ಎಂದ.

"ಸೂಟು ಟೇಲರ್ ಕಡೆ ಐತಿ. ಮಧ್ಯಾಹ್ನ ಹೋಗ್ತೀನಿ. ನಾ ಕಾಟಾದ್ದು ಕೇಳಾಕತ್ತೀನಿ."

"ನಾನೂ ಕಾಟಾದ್ದ ಹೇಳಾಕತ್ತೀನ್ರಿ. ಸೂಟು ಹಿಡದೈತಿ."

"ಹಿಡಿಯಂಗಿಲ್ಲ! ಎರಡಿಂಚು ಕಡಿಮಿ ಹೊಲ್ಸೀನಿ, ಆದ್ರ ನಾನೂ ತೆಳ್ಳಗಾಗೀನಿ. ಸರಿಯಾಗಿ ಕೂಡತೈತಿ."

ಫಕೀರಪ್ಪ ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದ. "ಯಪ್ಪಾ, ಮೈಮ್ಯಾಲಿನ ಸೂಟಲ್ರಿ. ತೂಕದಾಗಿನ ಸೂಟು!"

ಪೇಟೆಯವರ ಭಾಷೆಯಲ್ಲಿ ಸೂಟು ಎಂದರೆ ಮಾಲು ತೂಗುವಾಗ ಚೀಲದ್ದು, ಬುಟ್ಟಿಯದು ಎಂದು ಮೊದಲೇ ಕಳೆದುಬಿಡುವ ತೂಕ. ಹುಟ್ಟಿದಾಗಿನಿಂದ ಕೇಳಿದ ಶಬ್ದ! ಎರಡು ತಿಂಗಳು ಇನ್ನೊಂದು ಸೂಟಿನ ಧ್ಯಾನದಲ್ಲಿ ಇದನ್ನು ಮರೆತಿದ್ದೆ. ಫಕೀರಪ್ಪ ನಿಧಾನವಾಗಿ ವಿವರಿಸಿದ. ಫೆಬ್ರವರಿ ಕೊನೆಗೆ ಕಡಲೆ ಬಂತು, ಚೀಲಕ್ಕೆ ಒಂದು ಕಿಲೋ ಸೂಟು. ಮಾರ್ಚಿನಲ್ಲಿ ಮೆಣಸಿನಕಾಯಿ, ದೊಡ್ಡ ಚೀಲ, ಎರಡು ಕಿಲೋ. ಏಪ್ರಿಲ್ಲಿನಲ್ಲಿ ಉಳ್ಳಾಗಡ್ಡಿ, ಕಬ್ಬಿಣದ ಬುಟ್ಟಿ, ಐದು ಕಿಲೋ.

"ನೀವು ಬರೂದ್ರಾಗ ನಾ ಸೂಟು ಹಿಡಿದಿಟ್ಟಿರ್ತಿದ್ನಿ. ನೀವು ಏರಿ, ನೋಡಿ, ಕುಣಿದು ಹೋಗ್ತಿದ್ರಿ. ಗೊತ್ತಿರಬೇಕು ಬಿಡು ಅಂದ್ಕೊಂಡ್ನಿ. ಲೆಕ್ಕ ಬರಿಯೋ ಮಂದಿ ನೀವು."

ಅಳೆಯುವ ಮೊದಲು ಪಾತ್ರೆ ಖಾಲಿ ಇದೆಯೋ ನೋಡಬೇಕು. ಇದು ನನ್ನ ನೌಕರಿಯ ಮೊದಲ ಪಾಠ. ಹೊಸದಾಗಿ ಬಂದವರಿಗೆ ನಾನೇ ಇದನ್ನು ಕಲಿಸುತ್ತೇನೆ!

ಮಧ್ಯಾಹ್ನ ಕಾಕಾನ ಅಂಗಡಿಗೆ ಹೋಗುವಾಗ ಒಂದೇ ಆಸೆ ಇತ್ತು: ತೂಕ ಸುಳ್ಳಾದರೂ 7,940 ಸಿಟಪ್ಪು ಸುಳ್ಳಲ್ಲ. ಮೂಲೆಯಲ್ಲಿ ಪರದೆ ಎಳೆದುಕೊಂಡು ಪ್ಯಾಂಟು ಏರಿಸಿದೆ. ತೊಡೆ ದಾಟಿತು. ಸೊಂಟಕ್ಕೆ ಬಂದಾಗ, ಗದಗಿನ ಬಸ್ಸೂ ಮುಂಡರಗಿಯ ಬಸ್ಸೂ ಡಂಬಳದ ಹತ್ತಿರ ರಸ್ತೆಯಲ್ಲಿ ಎದುರಾದಂತೆ ಗುಂಡಿಯೂ ಕಾಜವೂ ಒಂದನ್ನೊಂದು ನೋಡಿ, ತಮ್ಮ ತಮ್ಮ ಬದಿಯಲ್ಲೇ ಉಳಿದವು. ನಡುವೆ ನಾಲ್ಕು ಬೆರಳು ಹೊಟ್ಟೆ.

"ಕಾಕಾ" ಎಂದೆ, ಪರದೆಯ ಒಳಗಿಂದಲೇ. "ಮಾರ್ಜಿನ್ ಒಂದೀಟರೆ ಬಿಟ್ಟಿಯಲ್ಲಾ?"

"ನೀ ಬ್ಯಾಡ ಅಂದಿದ್ದಿ. ಬಿಟ್ಟಿಲ್ಲ."

"ಸುಮ್ನ ಅಂದಿದ್ನೋ ಕಾಕಾ!"

"ನಾ ಸುಮ್ನ ಹೊಲಿಯಂಗಿಲ್ಲಪಾ."

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದು. "ಕಾಕಾರ, ಅವರು ಬಂದಾರೇನ್ರಿ?" ಗಿರಿಜಾ!

"ಬಂದಾನ ತಂಗಿ, ಒಳಗದಾನ. ಅವ ಒಳಗದಾನ, ಹೊಟ್ಟಿ ಹೊರಗೈತಿ."

"ಬರ್ರೀ ಹೊರಗ, ನೋಡೂಣು. ಅವ್ವ ಸೀರಿ ಅಂಗಡ್ಯಾಗ ಅದಾಳ, ಈಗ ಬರ್ತಾಳ."

ನಾನು ಹೊರಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಅವರವ್ವ ಬಂದರೆ ಪೂರ್ತಿ ಮುಂಡರಗಿಗೆ ಸುದ್ದಿ. ಗಿರಿಜಾ ತಾನೇ ಆರಿಸಿ ತಂದ ಅರಿವೆಯನ್ನು ನಾನೇ ನಿಂತು ಹಾಳುಮಾಡಿಸಿದ್ದೆ. ಇದನ್ನು ಬಾಯಿಂದ ಹೇಳಲು ಬರಲಿಲ್ಲ. ಪರದೆಯ ಕೆಳಗಿನಿಂದ ದಿನಚರಿಯನ್ನು ಹೊರಗೆ ತಳ್ಳಿದೆ.

"ಏನ್ರಿ ಇದು?"

"ಓದ್ರಿ. ಫೆಬ್ರವರಿ ಹನ್ನೆರಡರಿಂದ."

ಪುಟ ತಿರುವುವ ಸದ್ದು. ಮೊದಲು ಒಂದು ಕೆಮ್ಮು. ಆಮೇಲೆ ಬಾಯಿಗೆ ಸೆರಗು ಹಿಡಿದ ನಗು. ಮಾರ್ಚ್ 9ಕ್ಕೆ ಬಂದಾಗ ಅವಳು ಜೋರಾಗಿ ಓದಿ ಕಾಕಾನಿಗೂ ಹೇಳಿದಳು. ಕಾಕಾ ಹೊಲಿಗೆ ಮಷೀನು ನಿಲ್ಲಿಸಿ ನಕ್ಕ. ಆಮೇಲೆ ಪೆನ್ನಿನ ಸದ್ದು. ಬೆಳಗ್ಗೆ ನಾನು ಬರೆದಿದ್ದ ಸೂಟಿನ ತೂಕಗಳನ್ನು ಅವಳು ಒಂದೊಂದು ಶನಿವಾರಕ್ಕೂ ಕೂಡಿಸುತ್ತಿದ್ದಳು. ಟೀಚರ್ ಅಲ್ಲವೇ!

"ಎಂಬತ್ತೊಂದು ಪಾಯಿಂಟ್ ನಾಲ್ಕು, ಐದು, ಆರು, ಏಳು, ಎಂಟು… ಇವತ್ತು ಎಂಬತ್ತೆರಡು. ರೀ, ನೀವು ತಪ್ಪದ ಏರಿಕೊಂತ ಬಂದೀರಿ. ಒಂದು ವಾರನೂ ಇಳಿದಿಲ್ಲ!"

"ಒಟ್ಟು ಎಷ್ಟು ಹೆಚ್ಚಾಗೀನ್ರಿ?"

"ಆರನೂರು ಗ್ರಾಂ."

ಹೊರಗೆ ನಗು ನಿಂತಿತು. ಪುಟಗಳು ಹಿಂದಕ್ಕೆ ಹೊರಳಿದ ಸದ್ದು ಕೇಳಿಸಿತು. ಮೊದಲ ಪುಟ ಓದುತ್ತಿರಬೇಕು. ಕರ್ತವ್ಯದ ಕೆಳಗೆ ಎರಡು ಗೆರೆ ಇರುವ ಪುಟ.

"ಸಿಟ್ಟು ಬಂತೇನ್ರಿ?" ಎಂದೆ.

"ಬಂತು. ಅರಿವಿಗೆ ತಕ್ಕ ಗಂಡಾಗಬೇಕು ಅಂತ ಬರ್ದೀರಿ. ನಾ ಗಂಡಿಗೆ ತಕ್ಕ ಅರಿವಿ ತಂದಿದ್ನಿ." ಆಮೇಲೆ ಕಾಕಾನ ಕಡೆ ತಿರುಗಿದಂತಾಯಿತು. "ಕಾಕಾರ, ಮಾರ್ಜಿನ್ ಬಿಟ್ಟಿಲ್ಲ ಸರಿ. ಅರಿವಿ ಉಳಿದೈತಲ್ರೀ?"

"ಅರ್ಧಾ ಮೀಟರ್ ಉಳಿದೈತಿ ತಂಗಿ. ನೀನ ಹೆಚ್ಚಿಗಿ ತಂದೀದಿ."

"ಬೇಕಂತನ ತಂದೀನಿ. ನನ್ನ ನೋಡಾಕ ಬಂದಾಗ ಇವರು ಉಪ್ಪಿಟ್ಟು ಮೂರು ಸಲ ಹಾಕಿಸ್ಕೊಂಡ್ರು. ಅವತ್ತ ಲೆಕ್ಕಾ ಹಾಕಿದ್ನಿ." ಮತ್ತೆ ಪರದೆಯ ಕಡೆಗೆ ಹೇಳಿದಳು: "ಕೇಳ್ರಿಲ್ಲೆ. ನಾವು ಸೂಟು ಹಿಡಿಯೋ ಮಂದಿ ಅಲ್ಲ. ಇದ್ದ ತೂಕ ಇದ್ದಂಗ ಒಪ್ಪೀವಿ. ಅದರಾಗ ಇನ್ನ ಮುಂದ ಏರಿಸಿದ್ರ ಮಾತ್ರ ಮಾಲು ವಾಪಸ್ಸು!"

ಏಪ್ರಿಲ್ 26ರಂದು ಆರತಕ್ಷತೆಗೆ ಸೂಟು ತೊಟ್ಟೆ. ಪ್ಯಾಂಟಿನ ಹಿಂಭಾಗದಲ್ಲಿ ಕಾಕಾ ಉಳಿದ ಅರಿವೆಯಿಂದ ತ್ರಿಕೋನದ ತೇಪೆ ಹಾಕಿ ಸೊಂಟ ಕೂಡಿಸಿದ್ದ. ಕೋಟಿನ ಗುಂಡಿ ಹಾಕುವಂತಿರಲಿಲ್ಲ, ಕೋಟು ತೆಗೆಯುವಂತಿರಲಿಲ್ಲ, ಜನರಿಗೆ ಬೆನ್ನು ತೋರಿಸುವಂತಿರಲಿಲ್ಲ. ಏಪ್ರಿಲ್ಲಿನ ಬಿಸಿಲು, ತಗಡಿನ ಮಂಟಪ, ಮೂರು ತಾಸು. ಅಂದು ಕಾಲ ಬಳಿ ಮಳೆಮಾಪಕ ಇಟ್ಟಿದ್ದರೆ ಕನಿಷ್ಠ ಎಂಟು ಮಿಲಿಮೀಟರ್ ದಾಖಲಾಗುತ್ತಿತ್ತು! ವೀರೇಶ ಬಂದು ಕೈ ಕುಲುಕಿ, "ಎಷ್ಟು ಬೆವರಲೇ! ಭಾಳ ಕರಗಾಕತ್ತೀದಿ" ಎಂದ.

ಕರಗಿದ್ದು ಮಾನ. ಹಿರಿಯರ ಕಾಲಿಗೆ ಬೀಳುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊದಲ ಸಲ ಬಗ್ಗಿದಾಗಲೇ ಕೋಟು ಮೇಲೆ ಸರಿಯಿತು. ಹಿಂದಿನಿಂದ ಅಸುಂಡಿ ಅತ್ತೆಯ ದನಿ ಮೈಕಿಲ್ಲದೆ ಮಂಟಪ ತುಂಬಿತು: "ಏ ಸಂಗೂ, ಹೊಸಾ ಪ್ಯಾಂಟಿಗೆ ತೇಪಿ ಯಾಕೋ?" ಅಲ್ಲಿಂದ ಮುಂದೆ ಬಗ್ಗುವುದು ಬಿಟ್ಟು, ಬೆನ್ನು ನೆಟ್ಟಗಿಟ್ಟು, ಮೊಣಕಾಲು ಮಡಚಿ ಕೂತು ಕೂತು ನಮಸ್ಕಾರ ಮಾಡಿದೆ. ಒಟ್ಟು ನಲವತ್ತಾರು ಹಿರಿಯರು. ಊಟದ ಸಾಲಿನಿಂದ ನೋಡುತ್ತಿದ್ದ ಮಲ್ಲಣ್ಣ ಹತ್ತಿರ ಬಂದು ಕಿವಿಯಲ್ಲಿ ಹೇಳಿದ:

"ಇದಕ್ಕ ಬೈಠಕ್ ಅಂತಾರ. ಇದನ್ನ ಹೊಡಿ ಅಂತ ಎರಡು ತಿಂಗಳು ಹೊಯ್ಕೊಂಡ್ನಿ."

ರಜೆ ಮುಗಿಸಿ ಮೇ 4ಕ್ಕೆ ನೌಕರಿಗೆ ಮರಳಿದೆ. ಹಿಂದಿನ ಸಂಜೆ ಗುಡುಗಿ ಮಳೆ ಬಂದಿತ್ತು. ಈಗ ಸಂಜೆ ಗಿರಿಜಾ ನನ್ನನ್ನು ನಡೆಸಿಕೊಂಡು ಹೋಗುತ್ತಾಳೆ. ತಾಟಿಗೆ ರೊಟ್ಟಿ ಅವಳೇ ಎಣಿಸಿ ಹಾಕುತ್ತಾಳೆ. ದಿನಚರಿಯ ಸೊಂಟದ ಕಾಲಮ್ಮು ಕೂಡ ಅವಳ ವಶದಲ್ಲಿದೆ. ಮೇ 4ರ ಪುಟದಲ್ಲಿ ನಾನು ಬರೆದದ್ದು: "ಮಳೆ: ಹನ್ನೆರಡು ಮಿಲಿಮೀಟರ್."

ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವಳ ಅಕ್ಷರ: "ಸೊಂಟದ ಇಳಿಕೆ: ಸೊನ್ನೆ. ಅಳೆಯುವ ಮೊದಲು ಪಾತ್ರೆ ಖಾಲಿ ಇದೆಯೋ ಎಂದು ಹೊಟ್ಟೆ ಮುಟ್ಟಿ ನೋಡಿದೆ. ಇರಲಿಲ್ಲ."